ಕಂಪನಿಯಲ್ಲಿ ಕಳೆಯುವ ಸೆಮಿಸ್ಟರಿಗೆ ಮೇಷ್ಟ್ರು ಯಾರು?

ಗೆ,
ಮಾನ್ಯ ಉನ್ನತ ಮತ್ತು ತಂತ್ರ ಶಿಕ್ಷಣ ಸಚಿವರು,
ಮಹಾರಾಷ್ಟ್ರ ಸರ್ಕಾರ, ಮಂತ್ರಾಲಯ, ಮುಂಬಯಿ.

ವಿಷಯ: ಅಪ್ರೆಂಟಿಸ್‌ಶಿಪ್ ಸೇರಿರುವ ಪದವಿ ಕೋರ್ಸುಗಳಲ್ಲಿ ವಿದ್ಯಾರ್ಥಿಗಳ ತರಬೇತಿ, ಸ್ಟೈಪೆಂಡ್ ಮತ್ತು ಸುರಕ್ಷತೆ ಕುರಿತು ದೂರು ಹಾಗೂ ಮನವಿ.

ಮಾನ್ಯರೇ,

ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ತರಬೇತಿ ವಿಭಾಗದಲ್ಲಿ ಅಪ್ರೆಂಟಿಸ್ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿ ನಿವೃತ್ತನಾದವನು ನಾನು. ಹುಟ್ಟೂರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು, ಅನ್ನ ಕೊಟ್ಟ ಊರು ಪಿಂಪ್ರಿ-ಚಿಂಚವಡ. ಈ ಪತ್ರದ ಮರಾಠಿ ಪ್ರತಿಯನ್ನು ದಾಖಲೆಗಳ ಸಮೇತ ನಿಮ್ಮ ಕಚೇರಿಗೆ ಸಲ್ಲಿಸಿದ್ದೇನೆ. ಇದನ್ನು ಕನ್ನಡದಲ್ಲಿ ಬಹಿರಂಗ ಮಾಡುತ್ತಿರುವುದಕ್ಕೆ ಕಾರಣವಿದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಶಾಲೆಗಳಲ್ಲಿ ಓದಿ ಪುಣೆಗೆ ಪದವಿಗೆಂದು ಬರುವ ಮಕ್ಕಳು ಬಹಳ. ಅವರು ನಿಮ್ಮ ರಾಜ್ಯದ ಮಕ್ಕಳೇ. ವಿಜಯಪುರ, ಕಲಬುರಗಿಯಿಂದ ಬಂದು ಇಲ್ಲೇ ನೆಲೆಸಿದ ಕಾರ್ಮಿಕರ ಮಕ್ಕಳೂ ಅವರ ಜೊತೆಗಿದ್ದಾರೆ. ಕಾಲೇಜು ಮುಂದಿಟ್ಟ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕುವ ಮುನ್ನ ಈ ಮನೆಗಳವರು ಒಮ್ಮೆ ಇದನ್ನು ಓದಲಿ ಎಂಬುದು ನನ್ನ ಆಸೆ.

ಮೊದಲೇ ಹೇಳಿಬಿಡುತ್ತೇನೆ, ದುಡಿಯುತ್ತ ಕಲಿಯುವುದಕ್ಕೆ ನನ್ನ ವಿರೋಧವಿಲ್ಲ. ಅದನ್ನು ವಿರೋಧಿಸುವ ಕನ್ನಡಿಗ ಮಹಾರಾಷ್ಟ್ರದಲ್ಲಿ ಸಿಗುವುದೂ ಕಷ್ಟ. ಮುಂಬಯಿಯ ಹೋಟೆಲುಗಳಲ್ಲಿ ಹಗಲು ತಟ್ಟೆ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಬ್ಯಾಂಕ್ ಅಧಿಕಾರಿಗಳಾದವರು, ವಕೀಲರಾದವರು ನಮ್ಮಲ್ಲಿ ಒಂದು ತಲೆಮಾರೇ ಇದೆ. ನಿಮ್ಮ ನೆಲದ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ ‘ಕಮವಾ ಆಣಿ ಶಿಕಾ’, ದುಡಿಯಿರಿ ಮತ್ತು ಕಲಿಯಿರಿ, ಎಂದವರು. ಪುಣೆ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಆ ಯೋಜನೆ ಇಂದಿಗೂ ಇದೆ. ಅದರಡಿ ತೋಟಕ್ಕೆ ನೀರು ಹಾಯಿಸಿದ ಹುಡುಗನಿಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಸಿಗುತ್ತದೆ, ಪಾಠ ಬೇರೆ ನಡೆಯುತ್ತದೆ. ನೀರು ಹಾಯಿಸಿದ್ದೇ ಸಸ್ಯಶಾಸ್ತ್ರ ಎಂದು ಯಾರೂ ಅಂಕ ಕೊಟ್ಟಿಲ್ಲ. ಈಗ ಬಂದಿರುವ ಪದವಿ ಅಪ್ರೆಂಟಿಸ್‌ಶಿಪ್ ಇದಕ್ಕಿಂತ ದೊಡ್ಡ ಮಾತು ಆಡುತ್ತಿದೆ. ಕಂಪನಿಯ ಕೆಲಸವೇ ಪಾಠ, ಅದಕ್ಕೇ ಕ್ರೆಡಿಟ್, ಅಂದರೆ ಪದವಿಗೆ ಲೆಕ್ಕವಾಗುವ ಅಂಕ, ಎನ್ನುತ್ತಿದೆ. ಸರಿ. ಹಾಗಾದರೆ ಅಲ್ಲಿ ಪಾಠ ಮಾಡುವವರು ಯಾರು ಎಂಬುದೊಂದೇ ನನ್ನ ಪ್ರಶ್ನೆ.

ನೀತಿ ಬೆಳೆದು ಬಂದ ದಾರಿ ನಿಮಗೆ ಗೊತ್ತಿದ್ದದ್ದೇ, ಓದುವ ಪೋಷಕರಿಗಾಗಿ ಎರಡು ಮಾತು. 1973ರ ತಿದ್ದುಪಡಿ 1961ರ ಅಪ್ರೆಂಟಿಸ್ ಕಾಯ್ದೆಯೊಳಗೆ ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ ತಂದಿತು. 2014ರ ತಿದ್ದುಪಡಿಯಿಂದ ಬಿ.ಎ., ಬಿ.ಕಾಂ. ಓದಿದವರಿಗೂ ಬಾಗಿಲು ತೆರೆಯಿತು. ಪದವಿ ಓದುತ್ತಿರುವಾಗಲೇ ಅಪ್ರೆಂಟಿಸ್ ಆಗುವವರಿಗೆ 2019ರ ನಿಯಮಗಳಲ್ಲಿ ಜಾಗ ಸಿಕ್ಕಿತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2020ರಲ್ಲಿ ಇಂಥ ಪದವಿಗಳಿಗೆ ಮಾರ್ಗಸೂಚಿ ತಂದಿತು, 2025ರಲ್ಲಿ ಮತ್ತೆ ಬರೆಯಿತು. ಅದರ ಪ್ರಕಾರ ಮೂರು ವರ್ಷದ ಪದವಿಯಲ್ಲಿ ಒಂದರಿಂದ ಮೂರು ಸೆಮಿಸ್ಟರ್, ನಾಲ್ಕು ವರ್ಷದ ಪದವಿಯಲ್ಲಿ ಎರಡರಿಂದ ನಾಲ್ಕು ಸೆಮಿಸ್ಟರ್ ಕಂಪನಿಯಲ್ಲಿ ಕಳೆಯಬಹುದು. ಅಂದರೆ ಪದವಿಯ ಅರ್ಧದಷ್ಟು ಕಾಲ ಹುಡುಗ ಕಾಲೇಜಿನ ಗೇಟಿನ ಹೊರಗಿರಬಹುದು.

ಇನ್ನು ನಾನು ಕಣ್ಣಾರೆ ಕಂಡದ್ದು. ಅಕ್ಕಲಕೋಟೆ ತಾಲ್ಲೂಕಿನ ಒಬ್ಬ ಹುಡುಗ, ಉತ್ಪಾದನಾ ತಂತ್ರಜ್ಞಾನದಲ್ಲಿ ಬಿ.ವೋಕ್. (ವೃತ್ತಿ ಕೌಶಲದ ಪದವಿ) ಮೂರನೇ ವರ್ಷ. ನಮ್ಮ ಗಲ್ಲಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಾನೆ. ಹುಡುಗನ ಹೆಸರೂ ಬೇಡ, ಕಾಲೇಜು ಕಂಪನಿಗಳ ಹೆಸರೂ ಇಲ್ಲಿ ಬೇಡ, ನಿಮ್ಮ ಪ್ರತಿಯಲ್ಲಿ ಎಲ್ಲ ಇದೆ. ಕಾಲೇಜಿನ ಕಡೆಯಿಂದ ಚಾಕಣ ಕೈಗಾರಿಕಾ ಪ್ರದೇಶದ ವೈರಿಂಗ್ ಹಾರ್ನೆಸ್ ಕಂಪನಿಯೊಂದಕ್ಕೆ ಒಂದು ಸೆಮಿಸ್ಟರಿನ ಮಟ್ಟಿಗೆ ಹೋದ. ವಾಹನದೊಳಗೆ ಹರಡಿರುವ ವೈರುಗಳ ಕಟ್ಟನ್ನು ಮಾಡುವ ಕಂಪನಿ ಅದು. ಇವನ ಕೆಲಸ ಇಷ್ಟೇ: ಪಿನ್ ಕೂರಿಸಿದ ವೈರನ್ನು ಪ್ಲಾಸ್ಟಿಕ್ ಕನೆಕ್ಟರಿನ ತೂತಿಗೆ ತಳ್ಳುವುದು, ‘ಟಕ್’ ಎಂದು ಸದ್ದು ಬಂದರೆ ಒಮ್ಮೆ ಹಿಂದಕ್ಕೆ ಜಗ್ಗಿ ನೋಡುವುದು, ಬೋರ್ಡನ್ನು ಮುಂದಕ್ಕೆ ಸರಿಸುವುದು. ಮತ್ತೆ ಅದೇ.

ದೀಪಾವಳಿ ರಜೆಯಲ್ಲಿ ಅವನ ಲಾಗ್‌ಬುಕ್ ನೋಡಿದೆ. ಪುಟದ ಮೇಲೆ ಪುಟ ‘ಅಸೆಂಬ್ಲಿ ಲೈನಿನಲ್ಲಿ ಕೆಲಸ ಮಾಡಿದೆ’ ಎಂಬ ಒಂದೇ ಸಾಲು. ‘ಈ ವಾರ ಕಲಿತದ್ದು’ ಎಂಬ ಕಾಲಂ ಖಾಲಿ. ಕೆಳಗೆ ಸಹಿಗಳು ಮಾತ್ರ ತಪ್ಪಿಲ್ಲ. ಎಲ್ಲ ಒಂದೇ ನೀಲಿ ಪೆನ್ನಿನವು, ಒಂದೇ ಓರೆ. ಎಚ್‌ಆರ್ ವಿಭಾಗದವರು ಒಂದೇ ಕೂರುವಿಕೆಯಲ್ಲಿ ಹಾಕಿದ್ದು ಎಂದು ಅವನೇ ಹೇಳಿದ. ಕಾಲೇಜಿನ ಮಾರ್ಗದರ್ಶಕರ ಸಹಿಯ ಜಾಗದಲ್ಲಿ ರಬ್ಬರ್ ಸ್ಟಾಂಪ್ ಇತ್ತು. ಅಭ್ಯಾಸಬಲದಿಂದ ಮನೆಯಲ್ಲಿದ್ದ ವರ್ನಿಯರ್ ಕ್ಯಾಲಿಪರ್ಸ್ ಕೊಟ್ಟು ಒಂದು ಬೋಲ್ಟಿನ ಅಳತೆ ಓದಪ್ಪಾ ಎಂದೆ. 0.02 ಮಿ.ಮೀ.ವರೆಗೂ ಅಳೆಯುವ ಉಪಕರಣ. ಮುಖ್ಯ ಸ್ಕೇಲು ಓದಿದ, ವರ್ನಿಯರ್ ಗೆರೆ ಎಲ್ಲಿ ಕೂಡುತ್ತದೆ ಎಂದು ನೋಡಲು ಗೊತ್ತಾಗಲಿಲ್ಲ. ಪಿನ್ನನ್ನು ವೈರಿಗೆ ಒತ್ತಿ ಕೂರಿಸಿದ ಮೇಲೆ ಆ ಒತ್ತಿದ ಜಾಗದ ಎತ್ತರವನ್ನು ಮೈಕ್ರೊಮೀಟರಿನಲ್ಲಿ ಯಾಕೆ ಅಳೆಯುತ್ತಾರೆ ಎಂದು ಕೇಳಿದೆ. ಅಳೆಯುವುದನ್ನು ನೋಡಿದ್ದಾನೆ, ಯಾಕೆ ಎಂದು ಯಾರೂ ಹೇಳಿಲ್ಲ. ಸಡಿಲವಾದರೆ ವೈರು ಕಳಚುತ್ತದೆ, ಅತಿಯಾದರೆ ಎಳೆಗಳು ತುಂಡಾಗಿ ಆ ಜಾಗ ಬಿಸಿಯಾಗುತ್ತದೆ. ಇದನ್ನು ವಿವರಿಸುವುದಕ್ಕೆ ಎಷ್ಟು ಹೊತ್ತು ಬೇಕು? ಚಹಾ ಆರುವುದರೊಳಗೆ ಹೇಳಿ ಮುಗಿಸಿದೆ. ಹುಡುಗ ದಡ್ಡನಲ್ಲ, ಮರುದಿನ ಬಂದು ಒತ್ತಿದ ಜಾಗದ ಚಿತ್ರ ಬರೆದು ತೋರಿಸಿದ.

ನಾವು ಕಲಿಸುತ್ತಿದ್ದಾಗ ಹೊಸ ಹುಡುಗನಿಗೆ ಮೊದಲು ಒಂದು ಮೈಲ್ಡ್ ಸ್ಟೀಲ್ ತುಂಡು ಕೊಟ್ಟು ಅರ ಹಾಕಿಸುತ್ತಿದ್ದೆವು. ಒರಟು ಅರ, ಆಮೇಲೆ ನಯದ ಅರ. ಮೂಲೆ ನೇರವಿದೆಯೇ ಎಂದು ನೋಡುವ ಟ್ರೈಸ್ಕ್ವೇರ್ ಇಟ್ಟು ಕಿಟಕಿಗೆ ಹಿಡಿದಾಗ ಅಂಚಿನಲ್ಲಿ ಬೆಳಕು ಸೋರಿದರೆ ಮತ್ತೆ ಹೋಗು ಎನ್ನುತ್ತಿದ್ದೆವು. ಅಂಗೈಯಲ್ಲಿ ಬೊಬ್ಬೆ ಬಂದು ಬೈದುಕೊಂಡವರೇ ಹೆಚ್ಚು. ಆದರೆ ತಪ್ಪು ಎಲ್ಲಿದೆ ಎಂದು ತೋರಿಸಲು ಒಬ್ಬ ಮನುಷ್ಯ ಪಕ್ಕದಲ್ಲಿ ನಿಂತಿರುತ್ತಿದ್ದ, ಅವನಿಗೆ ಅದಕ್ಕೇ ಸಂಬಳ. ಇವತ್ತಿನ ಲೈನಿನಲ್ಲಿ ಸೂಪರ್‌ವೈಸರ್ ನಿಂತಿರುವುದು ಶಿಫ್ಟಿನ ಗುರಿ ಮುಟ್ಟಿಸಲು. ಅವನನ್ನು ದೂರಿ ಫಲವಿಲ್ಲ, ಕಲಿಸು ಎಂದು ಅವನಿಗೆ ಯಾರೂ ಹೇಳಿಲ್ಲ, ಹೇಳಿದರೆ ಗುರಿ ತಪ್ಪುತ್ತದೆ.

ಆಮೇಲೆ ನಡೆದದ್ದು ಇನ್ನೂ ಗಂಭೀರ. ಪಿನ್ ಒತ್ತುವ ಪ್ರೆಸ್ಸಿನ ಆಪರೇಟರ್ ರಜೆ ಹಾಕಿದ ದಿನ ಇವನನ್ನು ಅಲ್ಲಿಗೆ ಕೂರಿಸಿದರು. ಆ ಯಂತ್ರದ ಮೇಲೆ ಇವನಿಗೆ ತರಬೇತಿಯೇ ಆಗಿರಲಿಲ್ಲ. ಸಿಕ್ಕಿಕೊಂಡ ಪಿನ್ ತೆಗೆಯಲು ಗಾರ್ಡ್ ಎತ್ತಿದವನು ಪೆಡಲ್ ಮೇಲಿನ ಕಾಲು ತೆಗೆಯಲಿಲ್ಲ. ಎಡಗೈ ತೋರುಬೆರಳಿನ ತುದಿ ಜಜ್ಜಿಹೋಯಿತು. ಆಸ್ಪತ್ರೆ ಖರ್ಚನ್ನು ಸೋದರಮಾವ ಕೊಟ್ಟ. ಹುಡುಗನನ್ನು ಕರೆದುಕೊಂಡು ನಾನೇ ಕಂಪನಿ ಗೇಟಿಗೆ ಹೋದೆ. ಇವನು ನಮ್ಮ ಕಾರ್ಮಿಕನಲ್ಲ, ಕಾಲೇಜಿನ ವಿದ್ಯಾರ್ಥಿ, ಅವರನ್ನೇ ಕೇಳಿ ಎಂದರು. ಕಾಲೇಜಿಗೆ ಹೋದರೆ, ಆ ಅವಧಿಯಲ್ಲಿ ಅವನು ಕಂಪನಿಯ ಸುಪರ್ದಿಯಲ್ಲಿದ್ದ, ನಮಗೆ ಸಂಬಂಧವಿಲ್ಲ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಗಂಡ ಹೆಂಡಿರಿಗೆ ಜಗಳವೂ ಇರಲಿಲ್ಲ. ಬೆರಳು ಮಾಯುವವರೆಗೆ ಹೋಗದ ದಿನಗಳನ್ನು ಕಂಪನಿ ಗೈರುಹಾಜರಿ ಎಂದು ಬರೆದುಕೊಟ್ಟಿತು, ಹಾಜರಾತಿ ಸಾಲದೆಂದು ಕಾಲೇಜು ಆ ಸೆಮಿಸ್ಟರಿನ ಕ್ರೆಡಿಟ್ ತಡೆಹಿಡಿಯಿತು.

ಕಾನೂನಿನಲ್ಲಿ ಇದಕ್ಕೆ ಉತ್ತರ ಇಲ್ಲದಿಲ್ಲ. ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವನು ಎಂದು ಕಾಯ್ದೆಯ 18ನೇ ಕಲಂ ಹೇಳುವುದು ನಿಜ. ಕಂಪನಿಯವರಿಗೆ ಈ ಕಲಂ ಬಾಯಿಪಾಠ. ಆದರೆ ತರಬೇತಿಯಲ್ಲಿ ಗಾಯವಾದರೆ ಮಾಲೀಕನೇ ಪರಿಹಾರ ಕೊಡಬೇಕೆಂದು 16ನೇ ಕಲಂ ಹೇಳುತ್ತದೆ. ಕಾರ್ಖಾನೆಯಲ್ಲಿ ಉಳಿದವರಿಗಿರುವ ಸುರಕ್ಷತೆಯ ನಿಯಮಗಳು ಇವನಿಗೂ ಇವೆ ಎಂದು 14ನೇ ಕಲಂ ಹೇಳುತ್ತದೆ. ಅಪ್ರೆಂಟಿಸ್‌ಶಿಪ್ ಸಲಹೆಗಾರರ, ಅಂದರೆ ಸರ್ಕಾರ ನೇಮಿಸಿದ ಅಧಿಕಾರಿಯ, ಅನುಮತಿಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ ಎಂಬುದು 15ನೇ ಕಲಂ. ಮಾಲು ಕಳಿಸುವ ದಿನಗಳಲ್ಲಿ ಈ ಹುಡುಗ ರಾತ್ರಿ ಹತ್ತಕ್ಕೆ ಮನೆಗೆ ಬಂದದ್ದನ್ನು ನಮ್ಮ ಗಲ್ಲಿಯೇ ನೋಡಿದೆ. ಇವೆಲ್ಲ ಅನ್ವಯಿಸಬೇಕಾದರೆ ಅಪ್ರೆಂಟಿಸ್ ಒಪ್ಪಂದ ಸರ್ಕಾರದ ಪೋರ್ಟಲಿನಲ್ಲಿ ನೋಂದಣಿಯಾಗಿರಬೇಕು. ಇವನ ಕೈಯಲ್ಲಿದ್ದದ್ದು ಮಾನವಸಂಪನ್ಮೂಲ ಪೂರೈಸುವ ಏಜೆನ್ಸಿಯೊಂದು ಕೊಟ್ಟ ಒಂದು ಪುಟದ ‘ಟ್ರೇನಿ’ ಪತ್ರ. ಕಾಲೇಜಿನ ಜಾಹೀರಾತಿನಲ್ಲಿ ಅಪ್ರೆಂಟಿಸ್‌ಶಿಪ್ ಪದವಿ, ಕಂಪನಿಯ ಕಡತದಲ್ಲಿ ಏಜೆನ್ಸಿಯ ಟ್ರೇನಿ. ಅಪಘಾತವಾಗುವವರೆಗೆ ಇವೆರಡೂ ಬೇರೆ ಎಂದು ಮನೆಯವರಿಗೆ ತಿಳಿಯುವುದು ಹೇಗೆ?

ದುಡ್ಡಿನ ಮಾತಿಗೆ ಬರೋಣ. 2019ರ ನಿಯಮಗಳಲ್ಲಿ ಪದವಿ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಗೊತ್ತುಮಾಡಿದ್ದರು. ಇದನ್ನು 12,300ಕ್ಕೆ ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಕೇಂದ್ರ ಶಿಕ್ಷಣ ಸಚಿವಾಲಯದ ಅಪ್ರೆಂಟಿಸ್ ತರಬೇತಿ ಯೋಜನೆಯಾದ ನ್ಯಾಟ್ಸ್‌ನಲ್ಲಿ ನೋಂದಣಿಯಾದರೆ ಕನಿಷ್ಠ ಸ್ಟೈಪೆಂಡಿನ ಅರ್ಧ, ಆ 9,000ದ ಲೆಕ್ಕದಲ್ಲಿ 4,500 ರೂಪಾಯಿ, ಸರ್ಕಾರದ್ದು. ಇಷ್ಟು ಸವಲತ್ತಿದ್ದೂ ಕಂಪನಿಗಳು ನೋಂದಣಿ ಬಿಟ್ಟು ಏಜೆನ್ಸಿಯ ದಾರಿ ಹಿಡಿಯುತ್ತವೆ ಎಂದರೆ, ಉಳಿತಾಯಕ್ಕಿಂತ ಹೊಣೆ ತಪ್ಪಿಸಿಕೊಳ್ಳುವುದೇ ಮುಖ್ಯವಾಗಿದೆ ಎಂದು ನನ್ನ ಅನುಮಾನ. ನೋಂದಣಿಯಾದರೆ ಸಂಖ್ಯೆಗೂ ಮಿತಿ ಬರುತ್ತದೆ. ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರವರೆಗೆ ಮಾತ್ರ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬಹುದು. 200 ಜನರ ಕಂಪನಿಯಲ್ಲಿ ಐದರಿಂದ ಮೂವತ್ತು ಮಂದಿ. ಈ ಹುಡುಗನ ಲೈನಿನಲ್ಲಿ ಕಾಯಂ ನೌಕರರ ಬೂದು ಅಂಗಿಗಿಂತ ಟ್ರೇನಿಗಳ ನೀಲಿ ಅಂಗಿಯೇ ಹೆಚ್ಚಂತೆ. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇ 2013ರಲ್ಲಿ ತಂದ ‘ನೀಮ್’ ಎಂಬ ಕಂಪನಿ ತರಬೇತಿ ಯೋಜನೆಯ ಹೆಸರಿನಲ್ಲಿ ಬಂದ ಹುಡುಗರು ಲೈನಿನಲ್ಲೇ ನಿಂತು ಲೈನಿನಿಂದಲೇ ವಾಪಸಾದದ್ದನ್ನು ಭೋಸರಿ, ಚಾಕಣದ ಬಾಡಿಗೆ ಖೋಲಿಗಳು ಆಗಲೇ ಕಂಡಿವೆ. ಅಂಗಿಯ ಮೇಲಿನ ಹೆಸರು ಬದಲಾಗಿ ಅದೇ ಕಥೆ ಮುಂದುವರಿಯುವುದು ಬೇಡ.

ಇನ್ನು ಕಾಲೇಜಿನ ಶುಲ್ಕ. ಹುಡುಗ ಒಂದು ದಿನವೂ ಕಾಲಿಡದ ಸೆಮಿಸ್ಟರಿಗೆ ಪೂರ್ತಿ ಶುಲ್ಕ ಕಟ್ಟಿಸಿಕೊಂಡಿದ್ದಾರೆ. ರಸೀದಿ ನನ್ನ ಬಳಿ ಇದೆ, ಅದರಲ್ಲಿ ಪ್ರಯೋಗಾಲಯ ಶುಲ್ಕವೂ ಇದೆ. ಯಾವ ಪ್ರಯೋಗಾಲಯ? ಮಾರ್ಗದರ್ಶಕರು ಒಮ್ಮೆಯಾದರೂ ಕಂಪನಿಗೆ ಬಂದಿದ್ದರೆ ಈ ಮಾತು ಎತ್ತುತ್ತಿರಲಿಲ್ಲ.

ಗಂಟೆಯ ಲೆಕ್ಕವೂ ಹೀಗೇ ಇದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್. ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್. ಸೆಮಿಸ್ಟರಿಗೆ ಅದರ ಅರ್ಧ, 600 ಗಂಟೆ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 26 ದಿನ, ಆರು ತಿಂಗಳು ದುಡಿದರೆ 1,248 ಗಂಟೆ. ಹಬ್ಬದ ರಜೆ ಕಳೆದರೂ ಸಾವಿರದ ಮೇಲೆಯೇ. 600 ಗಂಟೆ ಕಲಿಕೆ ಎಂದು ಒಪ್ಪಿಕೊಳ್ಳೋಣ, ಉಳಿದ ಗಂಟೆಗಳು ಯಾವ ಖಾತೆಗೆ? ಅವು ಉತ್ಪಾದನೆಯ ಗಂಟೆಗಳಾದರೆ ಉತ್ಪಾದನೆಯ ಕೂಲಿ ಕೊಡಲಿ. ಕಲಿಕೆಯ ಗಂಟೆಗಳಾದರೆ ಕಲಿಸಿದ್ದನ್ನು ತೋರಿಸಲಿ.

ಬೇರೆ ಕಡೆ ಇದನ್ನು ಹೇಗೆ ನಿಭಾಯಿಸಿದ್ದಾರೆ ಎಂದೂ ನೋಡಬೇಕು. ಇಂಗ್ಲೆಂಡಿನಲ್ಲಿ 2015ರಿಂದ ಪದವಿ ಅಪ್ರೆಂಟಿಸ್‌ಶಿಪ್ ಇದೆ. ಅಲ್ಲಿ ವಿದ್ಯಾರ್ಥಿ ಬೋಧನಾ ಶುಲ್ಕ ಕೊಡುವುದೇ ಇಲ್ಲ. 2017ರಿಂದ ದೊಡ್ಡ ಕಂಪನಿಗಳ ಸಂಬಳದ ಮೊತ್ತದ ಮೇಲೆ ಶೇ. 0.5 ತೆರಿಗೆ ಹಾಕಿ ಆ ಹಣದಿಂದ ಕಾಲೇಜಿಗೆ ಕೊಡುತ್ತಾರೆ. ಕೆಲಸದ ಸಮಯದಲ್ಲೇ, ಕೆಲಸದಿಂದ ಬಿಡಿಸಿ ಕಲಿಸಬೇಕಾದ ಹೊತ್ತನ್ನು ಮೊದಲು ಶೇ. 20 ಎಂದು ಗೊತ್ತುಮಾಡಿದ್ದರು, 2022ರಲ್ಲಿ ಅದನ್ನು ವಾರಕ್ಕೆ ಕನಿಷ್ಠ ಆರು ಗಂಟೆ ಎಂದು ಮಾಡಿದರು. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಓದು, ಕೆಲಸ ಎರಡನ್ನೂ ಜೋಡಿಸಿದ ‘ಡ್ಯುಯಲ್’ ವಿಶ್ವವಿದ್ಯಾಲಯವಿದೆ, ಅಲ್ಲಿ ಮೂರು ತಿಂಗಳು ತರಗತಿ, ಮೂರು ತಿಂಗಳು ಕಂಪನಿ ಎಂದು ಸರದಿ. ಕಂಪನಿಯಲ್ಲಿ ಎದ್ದ ಪ್ರಶ್ನೆಯನ್ನು ಹುಡುಗ ಮರಳಿ ತರಗತಿಗೆ ಒಯ್ಯುತ್ತಾನೆ. ಅಷ್ಟು ದೂರ ಹೋಗುವುದೂ ಬೇಡ. ಟ್ರೇಡ್ ಅಪ್ರೆಂಟಿಸ್ ಪಾಠಕ್ಕೆ ಹೋದ ಸಮಯವನ್ನು ಸಂಬಳ ಕೊಡುವ ಕೆಲಸದ ಸಮಯವೆಂದೇ ಎಣಿಸಬೇಕು ಎಂದು ನಮ್ಮ 1961ರ ಕಾಯ್ದೆಯ 10ನೇ ಕಲಂ ಆಗಲೇ ಬರೆದಿತ್ತು. ಐಟಿಐ ಹುಡುಗನಿಗೆ ಕಂಡ ಈ ನ್ಯಾಯ ಪದವಿ ಓದುವವನಿಗೆ ಯಾಕೆ ಕಾಣಲಿಲ್ಲವೋ.

ಕಂಪನಿಯವರ ಕಡೆಯ ಮಾತನ್ನೂ ಕೇಳಿದ್ದೇನೆ. ಭೋಸರಿಯಲ್ಲಿ ಸಣ್ಣ ಮಷಿನ್ ಶಾಪ್ ನಡೆಸುವ ಕನ್ನಡಿಗರು ನನಗೆ ಪರಿಚಯದವರು. ಮೂವತ್ತು ಅಥವಾ ಹೆಚ್ಚು ಜನರಿದ್ದರೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ. ಮೂವತ್ತೈದು ಜನರ ಶಾಪಿನಲ್ಲಿ ಕಲಿಸುವುದಕ್ಕೇ ಒಬ್ಬನನ್ನು ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಅಂಥವರ ಮೇಲೆ ಹೊಸ ದಂಡ ಹೇರಿದರೆ ಇರುವ ಅವಕಾಶವೂ ಹೋಗುತ್ತದೆ. ಒಂದು ಬ್ಲಾಕಿನ ಹತ್ತಾರು ಶಾಪುಗಳಿಗೆ ಸೇರಿ ಒಂದು ತರಬೇತಿ ಶೆಡ್, ಅದಕ್ಕೆ ಇಬ್ಬರು ಬೋಧಕರು ಎಂದಾದರೆ ಅವರು ಪಾಲು ಹಾಕಲು ಸಿದ್ಧರಿದ್ದಾರೆ. ಇದನ್ನು ಅವರೇ ನನಗೆ ಹೇಳಿದ್ದು.

ಅಪ್ರೆಂಟಿಸ್‌ಶಿಪ್ ಕೇಂದ್ರದ ವಿಷಯ, ಮುಂಬಯಿಯ ಸಾಯನ್‌ನಲ್ಲಿರುವ ಪಶ್ಚಿಮ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿಗೆ ಬರೆಯಿರಿ ಎಂದು ನಿಮ್ಮ ಕಚೇರಿಯಿಂದ ಉತ್ತರ ಬರಬಹುದು. ಅಲ್ಲಿಗೂ ಬರೆದಿದ್ದೇನೆ. ಆದರೆ ಪದವಿ ಕೊಡುವುದು 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆಯಡಿಯ ವಿಶ್ವವಿದ್ಯಾಲಯಗಳು. ಯಾವ ಕೋರ್ಸಿಗೆ ಮಾನ್ಯತೆ, ಯಾವ ಕಾಲೇಜಿಗೆ ಸಂಯೋಜನೆ, ಎಷ್ಟು ಶುಲ್ಕ ಎಂಬುದೆಲ್ಲ ನಿಮ್ಮ ಅಂಗಳದ್ದೇ. ಪದವಿ ಮುಗಿಸಿದವರಿಗೆ ತರಬೇತಿಯ ಕಾಲದಲ್ಲಿ ತಿಂಗಳಿಗೆ 10,000 ರೂಪಾಯಿ ಕೊಡುವ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯನ್ನು 2024ರಲ್ಲಿ ತಂದದ್ದೂ ನಿಮ್ಮ ಸರ್ಕಾರವೇ. ಓದು ಮುಗಿಸಿದವನ ಬಗ್ಗೆ ಇರುವ ಕಾಳಜಿ ಓದುತ್ತಿರುವವನಿಗೂ ಸಿಗಲಿ.

ಆದ್ದರಿಂದ ಕೇಳಿಕೊಳ್ಳುವುದೇನೆಂದರೆ, ಪೋರ್ಟಲಿನಲ್ಲಿ ನೋಂದಣಿಯಾದ ಒಪ್ಪಂದದ ಸಂಖ್ಯೆ ಇಲ್ಲದೆ ಯಾವ ಕಾಲೇಜೂ ವಿದ್ಯಾರ್ಥಿಯನ್ನು ಅಪ್ರೆಂಟಿಸ್ ಎಂದು ಕಂಪನಿಗೆ ಕಳಿಸಬಾರದು ಎಂದು ವಿಶ್ವವಿದ್ಯಾಲಯಗಳಿಗೆ ಸುತ್ತೋಲೆ ಹೊರಡಿಸಿ. ನನ್ನ ಉಳಿದ ಬೇಡಿಕೆಗಳಿಗೆ ಕಾಲ ಹಿಡಿಯಬಹುದು, ಇದಕ್ಕೆ ಒಂದು ಸಹಿ ಸಾಕು. ಆ ಒಪ್ಪಂದದ ಮರಾಠಿ ಪ್ರತಿ ಒಬ್ಬೊಬ್ಬ ವಿದ್ಯಾರ್ಥಿಗೂ ಸಿಗಲಿ, ಗಡಿ ತಾಲ್ಲೂಕುಗಳ ಮಕ್ಕಳಿಗೆ ಮುಖ್ಯ ಅಂಶಗಳಾದರೂ ಕನ್ನಡದಲ್ಲಿ ಸಿಗಲಿ. ಅದನ್ನು ಅನುವಾದಿಸಿಕೊಡುವ ಕೆಲಸ ಪುಣೆಯ ಕನ್ನಡಿಗರದ್ದು, ನಿಮಗೆ ಖರ್ಚಿಲ್ಲ. ವಾರದಲ್ಲಿ ಒಂದು ದಿನ, ಸ್ಟೈಪೆಂಡ್ ಕತ್ತರಿಸದೆ, ಲೈನಿನಿಂದ ಬಿಡಿಸಿ ಪಾಠ ಮಾಡುವುದು ಕಡ್ಡಾಯವಾಗಲಿ. ತಿಂಗಳಿಗೊಮ್ಮೆ ಕಾಲೇಜಿನ ಮಾರ್ಗದರ್ಶಕರು ಕಂಪನಿಗೆ ಬಂದು, ಹುಡುಗ ನಿಂತ ಜಾಗದಲ್ಲೇ ನಿಂತು ಅವನನ್ನು ಪ್ರಶ್ನೆ ಕೇಳಿ, ಆಮೇಲೆ ಲಾಗ್‌ಬುಕ್‌ಗೆ ಸಹಿ ಹಾಕಲಿ. ಬಾರದ ಕಾಲೇಜು ಆ ಸೆಮಿಸ್ಟರಿನ ಶುಲ್ಕವನ್ನು ಹಿಂತಿರುಗಿಸಲಿ, ಬಂದ ಕಾಲೇಜು ಕೂಡ ಬಳಸದ ಪ್ರಯೋಗಾಲಯಕ್ಕೆ ದುಡ್ಡು ಕೇಳದಿರಲಿ. ತರಬೇತಿಯಲ್ಲಿ ಗಾಯಗೊಂಡು ಮನೆಯಲ್ಲಿದ್ದ ದಿನಗಳನ್ನು ಗೈರುಹಾಜರಿ ಎಂದು ಎಣಿಸಿ ಕ್ರೆಡಿಟ್ ತಡೆಯುವುದು ನಿಲ್ಲಲಿ. ಮೊದಲ ಕೆಲಸವಾಗಿ, ನಾನು ಲಗತ್ತಿಸಿರುವ ಪ್ರಕರಣದಲ್ಲಿ ಆ ಹುಡುಗನ ಫಲಿತಾಂಶ ಬಿಡುಗಡೆ ಮಾಡಿಸಿ. ಅವನು ಮುಂದಿನ ಪ್ರವೇಶಕ್ಕೆ ಅರ್ಜಿ ಹಾಕಬೇಕಾದ ಕಾಲ ಹತ್ತಿರ ಬಂದಿದೆ.

ತಪಾಸಣೆಗೆ ಜನರಿಲ್ಲ ಎಂಬ ಉತ್ತರವನ್ನೂ ಈ ಜೀವಮಾನದಲ್ಲಿ ಬೇಕಾದಷ್ಟು ಕೇಳಿದ್ದೇನೆ. ಪಿಂಪ್ರಿ, ಭೋಸರಿ, ಚಾಕಣದಲ್ಲಿ ನನ್ನಂಥ ನಿವೃತ್ತ ಬೋಧಕರು, ಟೂಲ್‌ರೂಮ್ ಫೋರ್‌ಮನ್‌ಗಳು ಮರಾಠಿಯವರೂ ಇದ್ದಾರೆ, ಕನ್ನಡದವರೂ ಇದ್ದಾರೆ. ಒಂದು ಗುರುತಿನ ಚೀಟಿ ಮತ್ತು ಗೇಟಿನೊಳಗೆ ಬಿಡುವಂಥ ಒಂದು ಆದೇಶ ಕೊಟ್ಟರೆ ನಾವೇ ಹೋಗಿ ಹುಡುಗರ ಕೈಗೆ ವರ್ನಿಯರ್ ಕೊಟ್ಟು ನೋಡಿ ವರದಿ ಕಳಿಸುತ್ತೇವೆ. ಪ್ರವಾಸ ಭತ್ಯೆ ಬೇಡ, ಪಿಎಂಪಿಎಂಎಲ್ ಬಸ್ಸಿನ ಹಿರಿಯ ನಾಗರಿಕರ ಪಾಸ್ ನಮ್ಮ ಹತ್ತಿರ ಇದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಪ್ರೆಂಟಿಸ್ ಬೋಧಕ
ಭೋಸರಿ, ಪುಣೆ